ಸಮುದ್ರಮಟ್ಟದ ಪಾಕವಿಧಾನ, ಚಿಕ್ಕಮಗಳೂರಿನ ಒಲೆ

ಪ್ರಶ್ನೆ: ನಮ್ಮದು ಚಿಕ್ಕಮಗಳೂರು ಪಟ್ಟಣಕ್ಕೆ ಅಂಟಿಕೊಂಡಂತಿರುವ ಸಣ್ಣ ಕಾಫಿ ತೋಟದ ಮನೆ. ಕೊಯ್ಲಿನ ದಿನಗಳಲ್ಲಿ ಸಂಜೆ ಚಳಿಗೆ ನಡುಗುತ್ತ ಒಳಗೆ ಬರುವವರಿಗೆ ಬಿಸಿಯಾಗಿ, ಸಿಹಿಯಾಗಿ ಏನಾದರೂ ಮಾಡಿಕೊಡಬೇಕೆಂದು ಈ ವರ್ಷ ಹೆಸರಾಂತ ಬಾಣಸಿಗರ ಪಾಕವಿಧಾನಗಳನ್ನು ಹಿಡಿದು ನಾಲ್ಕು ತಿನಿಸು ಮಾಡಿದೆ. ಎಳ್ಳುಂಡೆಗೆಂದು ಥರ್ಮಾಮೀಟರ್ ತರಿಸಿ, ಅವರು ಹೇಳಿದ 116 ಡಿಗ್ರಿಗೆ ಸರಿಯಾಗಿ ಪಾಕ ಇಳಿಸಿದರೂ ಉಂಡೆ ಕಲ್ಲಾಯಿತು. ಅಂಟಿನುಂಡೆ ಹಲ್ಲಿಗೆ ಮೆತ್ತಿಕೊಂಡಿತು. ಕ್ಯಾರೆಟ್ ಹಲ್ವ ನೀರುನೀರಾಗಿಯೇ ಉಳಿಯಿತು. ಖರ್ಜೂರದ ಟಾಫಿ ಪುಡಿಂಗ್‌ಗೆ ಬೇಕಾದ ಸೆಲ್ಫ್ ರೈಸಿಂಗ್ ಹಿಟ್ಟು ಸಿಗದೆ, ಅದರ ಬದಲು ಮೈದಾಕ್ಕೆ ಎರಡು ಚಮಚ ಅಡುಗೆ ಸೋಡಾ ಬೆರೆಸಿದೆ. ಅದು ಉಬ್ಬಿ ನಡುವೆ ಕುಸಿಯಿತು, ಮೇಲೆ ಸುರಿಯುವ ಸಾಸ್ ಒಡೆಯಿತು. ಉಳಿದ ಅಳತೆಯಲ್ಲಿ ಒಂದು ಚಮಚವೂ ಹೆಚ್ಚುಕಡಿಮೆ ಮಾಡಿಲ್ಲ. ದೊಡ್ಡವರು ಗುಟ್ಟನ್ನು ತಮ್ಮಲ್ಲೇ ಇಟ್ಟುಕೊಂಡು ಪಾಕವಿಧಾನ ಕೊಡುತ್ತಾರೆಯೇ?

ಉತ್ತರ: ಗುಟ್ಟು ಮುಚ್ಚಿಟ್ಟಿದ್ದಾರೆಂದು ನನಗೆ ಅನ್ನಿಸುವುದಿಲ್ಲ. ಸಂಜೀವ್ ಕಪೂರ್ 1993ರಲ್ಲಿ ಝೀ ವಾಹಿನಿಯಲ್ಲಿ ಅಡುಗೆ ಕಲಿಸಲು ಆರಂಭಿಸಿದ ದಿನಗಳಿಂದಲೂ ಇಂಥ ಪಾಕವಿಧಾನಗಳನ್ನು ಮಾಡಿ ನೋಡುತ್ತ, ಮಾಡಿಸುತ್ತ ಬಂದಿರುವ ನನ್ನ ಅನುಭವದಲ್ಲಿ, ಹೆಸರು ಮಾಡಿದ ಬಾಣಸಿಗರು ಅಳತೆಯ ವಿಷಯದಲ್ಲಿ ನಮ್ಮ ಬಂಧುಗಳಿಗಿಂತ ಹೆಚ್ಚು ಪ್ರಾಮಾಣಿಕರು. ಆದರೆ ಅವರು ಬರೆದುಕೊಡುವುದು ಅವರ ಅಡುಗೆಮನೆಯ ಅಳತೆಯನ್ನು. ಮುಂಬೈ ಮತ್ತು ಲಂಡನ್ನಿನ ಅಡುಗೆಮನೆಗಳು ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲಿವೆ, ದೆಹಲಿ ಇರುವುದು ಇನ್ನೂರು ಮೀಟರಿನ ಆಸುಪಾಸಿನಲ್ಲಿ. ನಿಮ್ಮ ಒಲೆ ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಅವರ ಹಾಲು ಬೇರೆ, ಕ್ಯಾರೆಟ್ ಬೇರೆ, ಕ್ರೀಮು ಬೇರೆ, ಮೊಟ್ಟೆಯ ಗಾತ್ರ ಕೂಡ ಬೇರೆ. ಪಾಕವಿಧಾನದಲ್ಲಿರುವ ಅಂಕಿಗಳು ಊರು ಬದಲಾದರೆ ಬದಲಾಗುತ್ತವೆ; ಪಾಕದ ಎಳೆ, ಹಿಟ್ಟಿನ ಘಮ, ಬಾಣಲೆ ಬಿಡುವ ಹದ ಇವು ಬದಲಾಗುವುದಿಲ್ಲ. ನಿಮ್ಮ ನಾಲ್ಕು ತಿನಿಸುಗಳೂ ಈ ಒಂದೇ ಕಾರಣದ ನಾಲ್ಕು ಮುಖಗಳು. ಅವುಗಳಲ್ಲಿ ಎಳ್ಳುಂಡೆಯ ಕಥೆಯೇ ಹೆಚ್ಚು ಸ್ವಾರಸ್ಯದ್ದಾದ್ದರಿಂದ ಅಲ್ಲಿಂದ ಆರಂಭಿಸುತ್ತೇನೆ.

ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಸಮುದ್ರಮಟ್ಟದ ಮಾತು. ಮೇಲೇರಿದಂತೆ ಗಾಳಿಯ ಒತ್ತಡ ಕಡಿಮೆಯಾಗುವುದರಿಂದ, ಸುಮಾರು 300 ಮೀಟರಿಗೆ ಒಂದು ಡಿಗ್ರಿಯಂತೆ ನೀರು ಕುದಿಯುವ ಬಿಸಿ ಇಳಿಯುತ್ತದೆ. ಚಿಕ್ಕಮಗಳೂರಿನಲ್ಲಿ ಅದು 96 ಮತ್ತು 97 ಡಿಗ್ರಿಗಳ ನಡುವೆ ಎಲ್ಲೋ ಇರುತ್ತದೆ, ಸುಮಾರು 950 ಮೀಟರ್ ಎತ್ತರದ ಹಾಸನದಲ್ಲಿ ಅದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಪಾಕದ ಬಿಸಿ ಎಂದರೆ ಅದರಲ್ಲಿ ಎಷ್ಟು ನೀರು ಉಳಿದಿದೆ ಎಂಬುದರ ಸೂಚನೆಯಷ್ಟೇ. ನೀರು ಆರಿದಂತೆ ಪಾಕ ಕುದಿಯುವ ಬಿಸಿ ಏರುತ್ತ ಹೋಗುತ್ತದೆ. ಸಮುದ್ರಮಟ್ಟದಲ್ಲಿ 112ರಿಂದ 116 ಡಿಗ್ರಿಯವರೆಗಿನ ಪಾಕ ಮೆತ್ತನೆಯ ಉಂಡೆ ಕಟ್ಟುತ್ತದೆ, 118 ದಾಟಿದರೆ ಗಟ್ಟಿ ಉಂಡೆಯಾಗುತ್ತದೆ. ನೀರೇ ಮೂರೂವರೆ ಡಿಗ್ರಿ ಮೊದಲು ಕುದಿಯುವ ನಿಮ್ಮೂರಿನಲ್ಲಿ ಪಾಕವನ್ನು 116ರವರೆಗೆ ಏರಿಸಿದಾಗ, ಅಲ್ಲಿಯವರ 119–120 ಡಿಗ್ರಿಯ ಪಾಕದಲ್ಲಿ ಉಳಿಯುವಷ್ಟು ನೀರು ಮಾತ್ರ ಅದರಲ್ಲಿ ಉಳಿದಿರುತ್ತದೆ. ನೀವು ಅಂಕಿಯನ್ನು ಚಾಚೂತಪ್ಪದೆ ಪಾಲಿಸಿದ್ದರಿಂದಲೇ ಉಂಡೆ ಕಲ್ಲಾಯಿತು.

ಇದನ್ನು ನಾನು ಕಲಿತದ್ದೂ ಹೀಗೆಯೇ. ಮಂಗಳೂರಿನ ಕಡಲ ದಡದಲ್ಲಿ ಅಡುಗೆ ಕಲಿತು, ಪಾಠ ಹೇಳುವ ಕೆಲಸಕ್ಕೆಂದು ಹಾಸನಕ್ಕೆ ಬಂದ ಮೊದಲ ಚಳಿಗಾಲದಲ್ಲಿ, ಹಾಲು ಸಕ್ಕರೆಯ ಫಡ್ಜ್ ಮಾಡಿ ತೋರಿಸಲು ಹೋದೆ. ಅಲ್ಲಿ ಹತ್ತಾರು ಸಲ ಸರಿಯಾಗಿ ಬಂದಿದ್ದ ಅದೇ ಅಂಕಿ, ಅದೇ ಥರ್ಮಾಮೀಟರ್. ತಟ್ಟೆಗೆ ಸುರಿದ ಫಡ್ಜ್ ಚಾಕು ಇಟ್ಟಲ್ಲಿ ಮರಳಿನಂತೆ ಪುಡಿಪುಡಿಯಾಯಿತು. ಅಂದು ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಗೃಹಿಣಿಯೊಬ್ಬರು ಸಂಕೋಚದಿಂದಲೇ, ‘ಒಂದು ಬಟ್ಟಲು ನೀರಿಟ್ಟು ನೋಡಬಾರದಿತ್ತೇ ಮೇಡಂ’ ಎಂದರು. ಆ ಮಾತು ನನಗೆ ಅರ್ಥವಾಗಲು ಇನ್ನೂ ಎರಡು ಪಾಕ ಹಾಳಾಗಬೇಕಾಯಿತು.

ಬಟ್ಟಲಿನ ನೀರಿಗೆ ಒಂದು ಹನಿ ಪಾಕ ಬಿಟ್ಟು ಬೆರಳಲ್ಲಿ ಕೂಡಿಸಿ ನೋಡುವ ನಮ್ಮ ಅಜ್ಜಿಯರ ಪರೀಕ್ಷೆಗೆ ಎತ್ತರದ ಹಂಗಿಲ್ಲ. ಅದು ಬಿಸಿಯನ್ನು ಅಳೆಯುವುದಿಲ್ಲ, ಪಾಕ ಎಷ್ಟು ಮಂದವಾಗಿದೆ ಎಂಬುದನ್ನೇ ನೇರವಾಗಿ ಹೇಳುತ್ತದೆ. ಹಾಗಾಗಿ ಮಂಗಳೂರಿನಲ್ಲಿ ಹೇಗೋ ಮುಳ್ಳಯ್ಯನಗಿರಿಯ ತಪ್ಪಲಿನಲ್ಲೂ ಹಾಗೆಯೇ ನಿಜ ನುಡಿಯುತ್ತದೆ. ಒಂದೇ ಒಂದು ಎಚ್ಚರ ಬೇಕು. ಡಿಸೆಂಬರಿನ ಬೆಳಗಿನ ನಲ್ಲಿ ನೀರು ಬೆರಳು ಜುಮ್ಮೆನ್ನುವಷ್ಟು ತಣ್ಣಗಿರುತ್ತದೆ, ಅದರಲ್ಲಿ ಎಳಸು ಪಾಕವೂ ಬಲಿತಂತೆ ಕಾಣಿಸಿ ನಿಮ್ಮನ್ನು ಮೋಸಗೊಳಿಸುತ್ತದೆ. ಬಟ್ಟಲಿನ ನೀರನ್ನು ಮೊದಲೇ ತುಂಬಿಸಿ ಒಲೆಯ ಪಕ್ಕದಲ್ಲಿ ಇಟ್ಟುಕೊಳ್ಳಿ, ಕೈ ಇಟ್ಟರೆ ಚುರ್ ಎನ್ನದಷ್ಟು ಸಾಕು. ಎಳ್ಳುಂಡೆಗೆ ಬೇಕಾದದ್ದು, ನೀರೊಳಗೆ ಕೂಡಿಸಿದರೆ ಉಂಡೆಯಾಗಿ, ಹೊರಗೆ ತೆಗೆದು ಒತ್ತಿದರೆ ಚಪ್ಪಟೆಯಾಗುವ ಹದ. ಅದು ಉಂಡೆಯಾಗಿಯೇ ನಿಂತು, ಪಾತ್ರೆಯ ಅಂಚಿಗೆ ಹೊಡೆದರೆ ಟಣ್ ಎಂದರೆ ಅದು ಚಿಕ್ಕಿಯ ಪಾಕ. ಆಗ ಉಂಡೆ ಕಟ್ಟುವ ಆಸೆ ಬಿಟ್ಟು, ತುಪ್ಪ ಸವರಿದ ಮಣೆಯ ಮೇಲೆ ಸುರಿದು ಲಟ್ಟಿಸಿಬಿಡುವುದು ಜಾಣತನ.

ತರಿಸಿದ ಥರ್ಮಾಮೀಟರನ್ನು ಎಸೆಯಬೇಕಾಗಿಲ್ಲ. ಬರಿಯ ನೀರನ್ನು ಚೆನ್ನಾಗಿ ಕುದಿಸಿ, ತುದಿ ಪಾತ್ರೆಯ ತಳಕ್ಕೆ ತಾಗದಂತೆ ಅದನ್ನು ಅದ್ದಿ ನೋಡಿ. ಅದು 100ಕ್ಕೆ ಎಷ್ಟು ಕಡಿಮೆ ತೋರಿಸುತ್ತದೆಯೋ ಅಷ್ಟನ್ನು ಪಾಕವಿಧಾನದ ಪ್ರತಿ ಪಾಕದ ಅಂಕಿಯಿಂದಲೂ ಕಳೆಯಿರಿ. ಊರಿನ ಎತ್ತರ, ಉಪಕರಣದ ದೋಷ ಎರಡೂ ಈ ಒಂದೇ ಲೆಕ್ಕದಲ್ಲಿ ಸರಿಹೋಗುತ್ತವೆ. ಆದರೂ ಬೆಲ್ಲದ ವಿಷಯದಲ್ಲಿ ನಾನು ಬಟ್ಟಲಿನ ನೀರನ್ನೇ ಹೆಚ್ಚು ನಂಬುತ್ತೇನೆ, ಏಕೆಂದರೆ ಪಾಕದ ಅಂಕಿಗಳೆಲ್ಲ ಬಿಳಿ ಸಕ್ಕರೆಯ ಲೆಕ್ಕದಲ್ಲಿ ಬರೆದವು. ಅಚ್ಚು ಬೆಲ್ಲ, ಉಂಡೆ ಬೆಲ್ಲ, ಬಕೆಟ್ ಬೆಲ್ಲ ಒಂದೊಂದರಲ್ಲೂ ತೇವ ಬೇರೆ, ಲವಣ ಬೇರೆ. ಜೇನಿನಂತೆ ಹರಿಯುವ ಜೋನಿ ಬೆಲ್ಲವಂತೂ ಎಷ್ಟು ಕುದಿಸಿದರೂ ಉಂಡೆಗೆ ಸರಿಯಾದ ಪಾಕ ಕೊಡುವುದಿಲ್ಲ. ಹರಳುಗಟ್ಟದ ಸಕ್ಕರೆಯ ಅಂಶ ಅದರಲ್ಲಿ ಹೆಚ್ಚು. ಅದಕ್ಕೆ ಬೇರೆ ಕೆಲಸವಿದೆ, ಮುಂದೆ ಹೇಳುತ್ತೇನೆ. ಇನ್ನು ಚಳಿಯಲ್ಲಿ ಉಂಡೆ ಕಟ್ಟುವಾಗ ಮಿಶ್ರಣ ಬೇಸಿಗೆಗಿಂತ ಬೇಗ ಬಿಗಿಯುತ್ತದೆ. ಬಾಣಲೆಯನ್ನು ಬಿಸಿನೀರಿನ ಪಾತ್ರೆಯ ಮೇಲೆ ಕೂರಿಸಿಕೊಂಡು, ಇಬ್ಬರು ಕೂತು ಕಟ್ಟಿದರೆ ಕೊನೆಯ ಉಂಡೆಯೂ ಮೊದಲನೆಯದರಷ್ಟೇ ನಯವಾಗಿರುತ್ತದೆ.

ಈಗ ಅಂಟಿನುಂಡೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಬಾಣಂತಿಗೆ ಕಟ್ಟಿಕೊಡುವ ಈ ಉಂಡೆ ನಮ್ಮ ಕಡೆಗೆ ಈಚೆಗೆ ಉತ್ತರ ಭಾರತದ ಬಾಣಸಿಗರ ಗೊಂದ್ ಲಡ್ಡುವಿನ ರೂಪದಲ್ಲಿ ಬಂದಿದೆ. ಬೆಳಗಾವಿ, ಧಾರವಾಡದವರನ್ನು ಕೇಳಿದ್ದರೆ ಇನ್ನೂ ಸಲೀಸಾಗಿ ಸಿಗುತ್ತಿತ್ತು ಎಂಬುದು ಬೇರೆ ಮಾತು. ಮೊದಲಿಗೆ ನೀವು ತಂದದ್ದು ಯಾವ ಅಂಟು ಎಂದು ನೋಡಿಕೊಳ್ಳಿ. ಅಂಗಡಿಯಲ್ಲಿ ಗೊಂದ್ ಎಂದು ಕೇಳಿದರೆ ಕೆಲವೊಮ್ಮೆ ಗೊಂದ್ ಕತೀರಾ ಕೈಗೆ ಬರುತ್ತದೆ. ಅದು ನೀರಲ್ಲಿ ನೆನೆಸಿ ಬೇಸಿಗೆಯ ಪಾನಕಕ್ಕೆ ಹಾಕುವ ವಸ್ತು, ತುಪ್ಪದಲ್ಲಿ ಅರಳುವುದಿಲ್ಲ. ಉಂಡೆಯ ಅಂಟು ಜೇನುಬಣ್ಣದ, ಒಳಗೆ ಬೆಳಕು ಹಾಯುವ ಗೋಲಿಯಂತಿರುತ್ತದೆ. ಕತೀರಾ ಮಂಕು ಬಿಳುಪಿನ ಚಕ್ಕೆಯಂತೆ ಕಾಣುತ್ತದೆ. ಗುರುತು ಸಿಗದಿದ್ದರೆ ಒಂದು ಹರಳನ್ನು ರಾತ್ರಿ ನೀರಲ್ಲಿ ಹಾಕಿಡಿ. ಬೆಳಿಗ್ಗೆ ಕರಗಿ ಗೋಂದಾಗಿದ್ದರೆ ಸರಿಯಾದದ್ದು, ಬಟ್ಟಲು ತುಂಬ ಉಬ್ಬಿ ಲೋಳೆಯಾಗಿದ್ದರೆ ಕತೀರಾ.

ನಿಮ್ಮದು ಹಲ್ಲಿಗೆ ಮೆತ್ತಿಕೊಂಡಿತು ಎಂದಿದ್ದೀರಿ, ಅಂದರೆ ಸರಿಯಾದ ಅಂಟೇ ಇದ್ದು, ಹೊರಗೆ ಅರಳಿ ಒಳಗೆ ಹಸಿ ಉಳಿದಿರುವ ಸಂಭವವೇ ಹೆಚ್ಚು. ಅದಕ್ಕೆ ಎರಡು ಕಾರಣ. ಒಂದು, ಹರಳು ದೊಡ್ಡದು. ಇನ್ನೊಂದು, ನಮ್ಮ ಮಂಜಿನ ಹವೆಯಲ್ಲಿ ಅಂಟು ತೇವ ಕುಡಿದಿರುತ್ತದೆ, ಇದನ್ನು ದೆಹಲಿಯ ಬಾಣಸಿಗರು ಹೇಳದೇ ಇದ್ದರೆ ಅವರ ತಪ್ಪಲ್ಲ. ಹರಳುಗಳನ್ನು ಕುಟ್ಟಾಣಿಯಲ್ಲಿ ಜೋಳದ ಕಾಳಿನಷ್ಟು ಒಡೆದು, ಕಾಫಿ ಒಣಗುವ ಕಣದ ಮೂಲೆಯಲ್ಲಿ ಒಂದು ತಟ್ಟೆಯಲ್ಲಿಟ್ಟು ಮಧ್ಯಾಹ್ನದ ಬಿಸಿಲು ತೋರಿಸಿ. ಮೋಡವಿದ್ದರೆ ಒಲೆಯ ಮೇಲಿನ ಅಟ್ಟವಾದರೂ ಆದೀತು. ಬಳಿಕ ಸಣ್ಣ ಕಬ್ಬಿಣದ ಬಾಣಲೆಯಲ್ಲಿ ನಾಲ್ಕು ಚಮಚ ತುಪ್ಪ ಕಾಯಿಸಿ, ಉರಿಯನ್ನು ತಗ್ಗಿಸಿ, ಒಂದೇ ಒಂದು ಹರಳನ್ನು ಬಿಡಿ. ಅದು ತಳದಲ್ಲಿ ಒಂದು ಗಳಿಗೆ ಸುಮ್ಮನೆ ಕೂತು, ಸುತ್ತ ಸಣ್ಣ ಗುಳ್ಳೆ ಬಿಟ್ಟು, ಆಮೇಲೆ ಚಿಟಿಚಿಟಿ ಎನ್ನುತ್ತ ಅರಳಿನಂತೆ ಬಿರಿದು ಮೇಲೆ ತೇಲಬೇಕು. ಬಿದ್ದ ತಕ್ಷಣ ಸಿಡಿದು ಕೆಂಪಾದರೆ ತುಪ್ಪ ಹೆಚ್ಚು ಕಾದಿದೆ ಎಂದರ್ಥ. ಅಂಥ ಹರಳನ್ನು ಮುರಿದರೆ ನಡುವೆ ಗಾಜಿನಂಥ ಚುಕ್ಕೆ ಕಾಣಿಸುತ್ತದೆ, ಹಲ್ಲಿಗೆ ಮೆತ್ತುವುದು ಆ ಚುಕ್ಕೆಯೇ. ಹದವಾಗಿ ಅರಳಿದ್ದನ್ನು ಆರಿಸಿ ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿದರೆ ಸುಣ್ಣದಂತೆ ಪುಡಿಯಾಗುತ್ತದೆ. ಒಂದು ಸಲಕ್ಕೆ ಒಂದು ಹಿಡಿಗಿಂತ ಹೆಚ್ಚು ಹಾಕಬೇಡಿ. ಹೆಚ್ಚು ಹಾಕಿದರೆ ತುಪ್ಪದ ಬಿಸಿ ಇಳಿದು ಅಂಟು ಅರಳುವ ಬದಲು ಒಂದಕ್ಕೊಂದು ಹತ್ತಿಕೊಳ್ಳುತ್ತದೆ.

ಗೋಧಿ ಹಿಟ್ಟನ್ನು ಹುರಿಯಲು ಹತ್ತು ನಿಮಿಷ ಎಂದು ಬರೆದಿದ್ದರೆ ಆ ಸಾಲನ್ನು ಮನಸ್ಸಿನಲ್ಲೇ ಹೊಡೆದುಹಾಕಿ. ಅವರ ಒಲೆಯ ಉರಿಯೇ ಬೇರೆ, ಬಾಣಲೆಯ ಅಗಲವೇ ಬೇರೆ. ಮೊದಲು ಮುದ್ದೆಯಂತಿದ್ದ ಹಿಟ್ಟು ಸಡಿಲವಾಗಿ, ಸೌಟಿನ ಹಿಂದೆ ತುಪ್ಪದ ಹೊಳಪು ಕಾಣಿಸಿ, ಘಮ ಜಗಲಿಯವರೆಗೆ ಹೋದಾಗ ಇಳಿಸಿದರೆ ಸರಿ. ಸಕ್ಕರೆ ಪುಡಿಯನ್ನಾಗಲಿ ಬೆಲ್ಲದ ಪುಡಿಯನ್ನಾಗಲಿ ಬೆರೆಸುವುದು ಹಿಟ್ಟು ಉಗುರುಬೆಚ್ಚಗಾದ ಮೇಲೆಯೇ, ಇಲ್ಲದಿದ್ದರೆ ಅದು ಕರಗಿ ಉಂಡೆ ಬಿಗಿಯಾಗುತ್ತದೆ. ಪಾಕವಿಧಾನದಲ್ಲಿ ಒಣಕೊಬ್ಬರಿ ಇದ್ದರೆ ಅರಸೀಕೆರೆಯ ಉಂಡೆ ಕೊಬ್ಬರಿ ತುರಿದು ಹಾಕಿ. ಪೊಟ್ಟಣದ ಒಣ ತುರಿಗೆ ಆ ಎಣ್ಣೆಯಂಶವಾಗಲಿ ಪರಿಮಳವಾಗಲಿ ಇಲ್ಲ.

ಹಲ್ವದ ನೀರು ಬಂದದ್ದು ಹಾಲಿನಿಂದ ಎಂದು ನನ್ನ ಊಹೆ. ಉತ್ತರದ ಬಾಣಸಿಗರು ಹಾಲು ಎಂದು ಬರೆದಾಗ ಅವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಫುಲ್ ಕ್ರೀಮ್ ಹಾಲು. ನಮ್ಮ ಹೆಚ್ಚಿನ ಮನೆಗಳಿಗೆ ಬೆಳಿಗ್ಗೆ ಬರುವುದು ಟೋನ್ಡ್ ಹಾಲಿನ ಪೊಟ್ಟಣ. ಮೊದಲನೆಯದರಲ್ಲಿ ಶೇಕಡ 6ರಷ್ಟು ಕೊಬ್ಬು, 9ರಷ್ಟು ಇತರ ಘನಾಂಶ ಇರಬೇಕೆಂಬ ನಿಯಮವಿದೆ, ಎರಡನೆಯದರಲ್ಲಿ 3 ಮತ್ತು 8.5. ಅಂದರೆ ಒಂದು ಲೀಟರ್ ಬತ್ತಿಸಿದರೆ ಅವರ ಬಾಣಲೆಯಲ್ಲಿ ಸುಮಾರು 150 ಗ್ರಾಂ ಉಳಿಯುತ್ತದೆ, ನಿಮ್ಮದರಲ್ಲಿ 115 ಗ್ರಾಂ ಮಾತ್ರ. ಆ ಕೊರತೆಯನ್ನು ನೀರು ತುಂಬಿಕೊಂಡಿದೆ. ಕೆನೆಭರಿತ ಹಾಲೇ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಲೀಟರಿಗೆ 40 ಗ್ರಾಂ ಹಾಲಿನ ಪುಡಿಯನ್ನು ತಣ್ಣನೆಯ ಹಾಲಿನಲ್ಲೇ ಕದಡಿ ಒಲೆಗೇರಿಸಿ. ಎತ್ತರದ ಪಾತ್ರೆ ಬೇಡ, ಅಗಲವಾದ ಉರುಳಿಯೋ ಬಾಣಲೆಯೋ ಆಗಲಿ. ಸಕ್ಕರೆಯನ್ನು ಹಾಲು ಪೂರ್ತಿ ಇಂಗಿದ ಮೇಲೆಯೇ ಹಾಕಬೇಕು, ಹಾಕಿದ ಕೂಡಲೇ ಹಲ್ವ ಮತ್ತೆ ನೀರು ಬಿಡುತ್ತದೆ, ಆಗ ಗಾಬರಿಯಾಗಿ ಇಳಿಸಬಾರದು. ತುಪ್ಪ ಹಾಕಿ, ಸೌಟು ಎಳೆದ ದಾರಿ ತಳದಲ್ಲಿ ಒಂದು ಕ್ಷಣ ಹಾಗೆಯೇ ಉಳಿಯುವವರೆಗೆ ಕೆದಕುತ್ತಿರಿ. ಬಣ್ಣದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಅವರ ಕೆಂಪು ಉತ್ತರದ ಚಳಿಗಾಲದಲ್ಲಿ ಮಾತ್ರ ಬರುವ ದೇಸಿ ಕೆಂಪು ಗಜ್ಜರಿಯದು, ಟೊಮ್ಯಾಟೊಗೆ ಬಣ್ಣ ಕೊಡುವ ಲೈಕೋಪೀನೇ ಅದರಲ್ಲೂ ಇದೆ. ನಮ್ಮ ಸಂತೆಯ ಕಿತ್ತಳೆ ಬಣ್ಣದ ಕ್ಯಾರೆಟ್ಟಿನಿಂದ ಆ ಕೆಂಪು ಬರುವುದಿಲ್ಲ, ಬರಿಸಲು ಬಣ್ಣ ಸುರಿಯುವುದೂ ಬೇಡ. ಬಲಿತ ಕ್ಯಾರೆಟ್ಟಿನ ನಡುವಿನ ದಿಂಡನ್ನು ತೆಗೆದು ತುರಿದರೆ ಸಾಕು.

ಪುಡಿಂಗ್ ವಿಷಯದಲ್ಲಿ ಮಾತ್ರ ಸ್ವಲ್ಪ ತಪ್ಪು ನಿಮ್ಮದೂ ಇದೆ ಎಂದು ಹೇಳಬೇಕಾಗಿದೆ. ಈ ಖರ್ಜೂರದ ಪುಡಿಂಗ್ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಎಂಬ ಕೆರೆಬೆಟ್ಟಗಳ ಸೀಮೆಯ ಒಂದು ಹೋಟೆಲಿನಿಂದ 1970ರ ದಶಕದಲ್ಲಿ ಪ್ರಸಿದ್ಧಿಗೆ ಬಂದದ್ದು. ಅಲ್ಲಿನ ಮಳೆ ಚಳಿಗೆ ಹುಟ್ಟಿದ ತಿನಿಸು ಮಲೆನಾಡಿಗೆ ಒಗ್ಗುವುದರಲ್ಲಿ ಆಶ್ಚರ್ಯವಿಲ್ಲ. ಅವರ ಸೆಲ್ಫ್ ರೈಸಿಂಗ್ ಹಿಟ್ಟೆಂದರೆ ಬೇಕಿಂಗ್ ಪೌಡರ್ ಬೆರೆಸಿದ ಮೈದಾ, ಅಷ್ಟೇ. ನೀವು ಬೆರೆಸಿದ್ದು ಅಡುಗೆ ಸೋಡಾ. ಅದರ ಶಕ್ತಿ ಬೇಕಿಂಗ್ ಪೌಡರಿನ ಮೂರು ನಾಲ್ಕು ಪಟ್ಟು. ಖರ್ಜೂರ ನೆನೆಸುವಾಗ ಆಗಲೇ ಒಂದಿಷ್ಟು ಸೋಡಾ ಬಿದ್ದಿರುತ್ತದೆ, ಅದರ ಮೇಲೆ ಇನ್ನೆರಡು ಚಮಚ. ಸಾಲದ್ದಕ್ಕೆ, ಒತ್ತಡ ಕಡಿಮೆಯಿರುವ ನಮ್ಮ ಎತ್ತರದಲ್ಲಿ ಹಿಟ್ಟಿನೊಳಗಿನ ಗಾಳಿ ಹೆಚ್ಚು ಹಿಗ್ಗುತ್ತದೆ. ಹಿಟ್ಟು ಬೆಂದು ಗಟ್ಟಿಯಾಗುವ ಮೊದಲೇ ಗುಳ್ಳೆಗಳು ಹಿಗ್ಗಿ ಒಡೆದು ನಡುಭಾಗ ಕುಸಿಯಿತು. ಸೋಪಿನ ವಾಸನೆ ಬಂದಿದ್ದರೂ ತಿಂದವರು ಮರ್ಯಾದೆಗೆ ಸುಮ್ಮನಿದ್ದಿರಬೇಕು.

ನಮ್ಮ ಎತ್ತರಕ್ಕೆ ನಾನು ಒಗ್ಗಿಸಿಕೊಂಡ ಅಳತೆ ಇದು. ಬೀಜ ತೆಗೆದ 200 ಗ್ರಾಂ ಖರ್ಜೂರವನ್ನು ಹೆಚ್ಚಿ, 220 ಮಿಲಿಲೀಟರ್ ಕುದಿಯುವ ನೀರು ಸುರಿದು, ತಲೆಸವರಿದ ಮುಕ್ಕಾಲು ಟೀ ಚಮಚ ಅಡುಗೆ ಸೋಡಾ ಹಾಕಿ ಅರ್ಧ ಗಂಟೆ ಬಿಡಿ. ಖರ್ಜೂರದ ಸಿಪ್ಪೆ ಕರಗುವಂತೆ ಮೆತ್ತಗಾಗುವುದೂ, ಪುಡಿಂಗ್‌ಗೆ ಆ ಕಪ್ಪು ಬಣ್ಣ ಬರುವುದೂ ಸೋಡಾದಿಂದಲೇ. ಉಪ್ಪಿಲ್ಲದ 80 ಗ್ರಾಂ ಬೆಣ್ಣೆಯನ್ನು 120 ಗ್ರಾಂ ಬೆಲ್ಲದ ಪುಡಿಯೊಂದಿಗೆ ನೊರೆಯಾಗುವಂತೆ ಕಡೆದು, ಮೊಟ್ಟೆಗಳನ್ನು ಒಂದೊಂದಾಗಿ ಸೇರಿಸಿ. ಬ್ರಿಟನ್ನಿನವರ ಎರಡು ಮೊಟ್ಟೆ ಎಂದರೆ ನಮ್ಮ ಮೂರು ಸಣ್ಣ ಮೊಟ್ಟೆ ಎಂದಿಟ್ಟುಕೊಳ್ಳಿ. ಅಲ್ಲಿ ದೊಡ್ಡ ಮೊಟ್ಟೆ ಎನಿಸಿಕೊಳ್ಳಲು ಒಂದೊಂದೂ 63 ಗ್ರಾಂ ಇರಬೇಕು, ನಮ್ಮ ಅಂಗಡಿಯದು 50ರ ಆಸುಪಾಸು. 175 ಗ್ರಾಂ ಮೈದಾಕ್ಕೆ ತಲೆಸವರಿದ ಒಂದೂಮುಕ್ಕಾಲು ಟೀ ಚಮಚ ಬೇಕಿಂಗ್ ಪೌಡರ್ ಬೆರೆಸಿ ಎರಡು ಸಲ ಜರಡಿ ಹಿಡಿದು, ಖರ್ಜೂರದ ಗೊಜ್ಜಿನೊಂದಿಗೆ ಮೆಲ್ಲನೆ ಕೂಡಿಸಿ. ಸಮುದ್ರಮಟ್ಟದಲ್ಲಾದರೆ ಎರಡೂಕಾಲು ಚಮಚ ಬೇಕಾಗುತ್ತಿತ್ತು. ಓವನ್ ಇದ್ದರೆ 180 ಡಿಗ್ರಿಯಲ್ಲಿ ಮೂವತ್ತೈದು ನಿಮಿಷ. ಒಳಗೆ ಫ್ಯಾನ್ ತಿರುಗುವ ಓವನ್ ಆದರೆ 160 ಸಾಕು. ಅಮೆರಿಕದವರ ಪಾಕವಿಧಾನದಲ್ಲಿ 350 ಎಂದು ಕಂಡರೆ ಅದು ಫ್ಯಾರನ್‌ಹೀಟ್, ಇದೇ 180ರ ಹತ್ತಿರದ್ದು.

ಓವನ್ ಇಲ್ಲದವರು ಇದನ್ನು ಹಬೆಯಲ್ಲಿ ಬೇಯಿಸಬಹುದು, ನನಗೆ ಹಬೆಯದೇ ಹೆಚ್ಚು ಇಷ್ಟ. ಇಂಗ್ಲಿಷರ ಹಳೆಯ ಪುಡಿಂಗ್‌ಗಳಲ್ಲಿ ಎಷ್ಟೋ ಹಬೆಯಲ್ಲೇ ಬೇಯುತ್ತಿದ್ದವು, ಕೊಟ್ಟೆ ಕಡುಬು ಬೇಯಿಸಿ ಗೊತ್ತಿರುವ ಮನೆಗೆ ಅದೇನು ಹೊಸ ವಿದ್ಯೆಯಲ್ಲ. ತುಪ್ಪ ಸವರಿದ ಸ್ಟೀಲ್ ಡಬ್ಬಿಗೆ ಮುಕ್ಕಾಲು ಭಾಗ ಹಿಟ್ಟು ತುಂಬಿಸಿ, ಬಾಡಿಸಿದ ಬಾಳೆಲೆಯನ್ನು ಮೇಲೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಒಂದು ಗಂಟೆ ಬೇಯಿಸಿ. ನಮ್ಮಲ್ಲಿ ಹಬೆಯ ಬಿಸಿಯೂ 97 ದಾಟದಿರುವುದರಿಂದ ಅವರು ಹೇಳಿದ್ದಕ್ಕಿಂತ ಹತ್ತು ನಿಮಿಷ ಹೆಚ್ಚೇ ಇರಲಿ.

ಸಾಸ್ ಒಡೆದದ್ದಕ್ಕೆ ಕ್ರೀಮೇ ಕಾರಣ. ಅವರು ಡಬಲ್ ಕ್ರೀಮ್ ಎನ್ನುವುದರಲ್ಲಿ ಶೇಕಡ 48ರಷ್ಟು ಕೊಬ್ಬಿರುತ್ತದೆ, ಕುದಿಸಿದರೂ ಅದು ಜಗ್ಗುವುದಿಲ್ಲ. ನಮ್ಮ ಪೊಟ್ಟಣದ ಕ್ರೀಮಿನಲ್ಲಿ ಸಾಮಾನ್ಯವಾಗಿ 25ರ ಸುತ್ತಮುತ್ತ ಮಾತ್ರ. ಅದಕ್ಕೆ ಬೆಲ್ಲದ ಹುಳಿಯೂ ಸೇರಿ ಕುದಿ ಬಂದರೆ, ಬೆಲ್ಲ ಹಾಕಿ ಕುದಿಸಿದ ಪಾಯಸದ ಹಾಲಿನಂತೆಯೇ ಒಡೆಯುತ್ತದೆ. ಇಲ್ಲಿ ಜೋನಿ ಬೆಲ್ಲದ ಕೆಲಸ ಬರುತ್ತದೆ. ಅವರು ಗೋಲ್ಡನ್ ಸಿರಪ್ ಎಂದೋ ಕಪ್ಪು ಮಸ್ಕೊವಾಡೊ ಸಕ್ಕರೆ ಎಂದೋ ಬರೆದ ಕಡೆಯಲ್ಲೆಲ್ಲ ಮಲೆನಾಡಿನ ಜೋನಿ ಬೆಲ್ಲವನ್ನು ಧೈರ್ಯವಾಗಿ ಬಳಸಿ. ಹರಳುಗಟ್ಟದಿರುವ ಅದರ ಗುಣವೇ ಸಾಸ್‌ಗೆ ವರ. ನೂರು ಗ್ರಾಂ ಜೋನಿ ಬೆಲ್ಲ, ಐವತ್ತು ಗ್ರಾಂ ಬೆಣ್ಣೆಯನ್ನು ಕುದಿಸಿ, ಒಂದು ಚಿಟಿಕೆ ಸೋಡಾ ಹಾಕಿದರೆ ನೊರೆಯೆದ್ದು ಹುಳಿ ಮುರಿಯುತ್ತದೆ. ಒಲೆಯಿಂದ ಇಳಿಸಿ, ಬೆರಳು ತಡೆಯುವಷ್ಟು ಬಿಸಿಗೆ ಬಂದಮೇಲೆ ಮನೆಯ ಗಟ್ಟಿ ಕೆನೆಯನ್ನು ಗಂಟಿಲ್ಲದಂತೆ ಕದಡಿ ಬೆರೆಸಿ. ಮತ್ತೆ ಕುದಿಸಬೇಡಿ. ಇದಕ್ಕೆ ಎರಡು ಚಮಚ ಗಟ್ಟಿ ಡಿಕಾಕ್ಷನ್ ಸೇರಿಸುವುದು ನನ್ನದೇ ಕಿಡಿಗೇಡಿತನ, ಯಾವ ಬಾಣಸಿಗರೂ ಹೇಳಿಕೊಟ್ಟದ್ದಲ್ಲ. ಚಿಕೋರಿ ಬೆರೆತ ಪುಡಿಯಲ್ಲಿ ಮಾತ್ರ ಮಾಡಬೇಡಿ, ಕಹಿ ಮುಂದಾಗುತ್ತದೆ. ಚಿಕ್ಕಮಗಳೂರಿನ ತೋಟದ ಮನೆಗೆ ಶುದ್ಧ ಅರೇಬಿಕಾ ಪುಡಿಯ ಬರವೇನೂ ಇರಲಾರದು.

ಉಳಿದಂತೆ ಸಣ್ಣಪುಟ್ಟ ಮಾತುಗಳು. ಅಮೆರಿಕದವರ ಒಂದು ಕಪ್ ಅಳತೆ ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯಾದವರ ದೊಡ್ಡ ಚಮಚ 20 ಮಿಲಿಲೀಟರ್ ಆದರೆ ಉಳಿದವರದು 15; ಹಾಗಾಗಿ ಗ್ರಾಂನಲ್ಲಿ ಬರೆದ ಪಾಕವಿಧಾನ ಸಿಕ್ಕರೆ ಅದನ್ನೇ ಆರಿಸಿ, ಒಂದು ತಕ್ಕಡಿ ಕೊಳ್ಳಿ. ಬೆಣ್ಣೆ ಕೋಣೆಯ ಬಿಸಿಯಲ್ಲಿರಲಿ ಎಂದು ಅವರು ಬರೆಯುವಾಗ ನೆನಪಿನಲ್ಲಿರುವುದು ಹೀಟರ್ ಹಾಕಿದ ಕೋಣೆ. ಡಿಸೆಂಬರಿನ ಮುಂಜಾನೆ ನಿಮ್ಮ ಅಡುಗೆಮನೆಯಲ್ಲಿ ಬೆಣ್ಣೆ ಇಟ್ಟಿಗೆಯಂತೆ ಕೂತಿರುತ್ತದೆ, ಅದನ್ನು ಕಡೆದರೆ ನೊರೆಯಾಗುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ ಒರೆಸಿದ ಪಾತ್ರೆಯನ್ನು ಅದರ ಮೇಲೆ ಬೋರಲು ಹಾಕಿ ಹತ್ತು ನಿಮಿಷ ಬಿಡಿ. ಯೀಸ್ಟ್ ಹಾಕಿದ ಹಿಟ್ಟಿಗೆ ಎರಡು ಗಂಟೆ ಎಂದಿದ್ದರೆ ಚಳಿಯಲ್ಲಿ ನಾಲ್ಕು ಗಂಟೆ ಬೇಕಾದೀತು. ಬಚ್ಚಲ ಹಂಡೆಯ ಪಕ್ಕ, ಇಡ್ಲಿ ಹಿಟ್ಟು ಇಡುವ ಜಾಗದಲ್ಲೇ ಇಟ್ಟರೆ ಬೇಗ ಉಬ್ಬುತ್ತದೆ.

ಇನ್ನು ಕಲ್ಲಾದ ಎಳ್ಳುಂಡೆಗಳು ಡಬ್ಬಿಯಲ್ಲೇ ಇದ್ದರೆ ಎಸೆಯಬೇಡಿ. ಬಟ್ಟೆಯಲ್ಲಿ ಸುತ್ತಿ ಒರಳಿನಲ್ಲಿ ಜಜ್ಜಿ, ಜೊತೆಗೆ ಒಂದು ಹಿಡಿ ಹೊಸದಾಗಿ ಹುರಿದ ಎಳ್ಳು, ಸ್ವಲ್ಪ ಏಲಕ್ಕಿ ಹಾಕಿ ಎಣ್ಣೆ ಬಿಡುವಂತೆ ಕುಟ್ಟಿ. ಹತ್ತು ನಿಮಿಷದಲ್ಲಿ ಅದು ತಾನಾಗಿಯೇ ಮುದ್ದೆಗೂಡಿ ಚಿಗಳಿಯಾಗುತ್ತದೆ. ಆ ಉಂಡೆಗೆ ಪಾಕವೂ ಬೇಡ, ಥರ್ಮಾಮೀಟರೂ ಬೇಡ.